ಬೆಳಕಿನ ಮೇಲೆ ಡೇಟಾ ಹೇರುವುದು ಹೇಗೆ? ಆಪ್ಟಿಕಲ್ ಮಾಡ್ಯುಲೇಶನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫೈಬರ್ ಮಾಡ್ಯೂಲ್‌ಗಳ ಸ್ಪೆಕ್ ಶೀಟ್ ತೆರೆದರೆ ಎನ್‌ಆರ್‌ಝಡ್, ಪ್ಯಾಮ್-4, ಡಿಪಿ-ಕ್ಯೂಪಿಎಸ್‌ಕೆ, ಡಿಪಿ-16ಕ್ವಾಮ್ ಅಂತ ಮಾಡ್ಯುಲೇಶನ್ ವಿಧಾನಗಳ ಹೆಸರುಗಳ ಸಾಲೇ ಸಿಗುತ್ತದೆ. ಆಮೇಲೆ ಎಲ್ಲರೂ ಕೇಳುವುದು ಒಂದೇ: "ಇದರಲ್ಲಿ ಯಾವುದು ಬೆಸ್ಟ್?" ನಾನು ತಿರುಗಿ ಕೇಳುವುದೂ ಒಂದೇ: "ಎಷ್ಟು ದೂರ ಹೋಗಬೇಕು?" ದೂರ ಗೊತ್ತಿಲ್ಲದೆ ಮಾಡ್ಯುಲೇಶನ್ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ. ಕೆಳಗಿನ ಉತ್ತರಗಳಲ್ಲಿ ಕಿಲೋಮೀಟರ್ ಲೆಕ್ಕ ಮತ್ತೆ ಮತ್ತೆ ಬರುವುದು ಅದಕ್ಕೇ.

ಮಾಡ್ಯುಲೇಶನ್ ಅಂದರೆ ಸರಳವಾಗಿ ಏನು?

ಲೇಸರ್‌ನಿಂದ ಬೆಳಕು ಒಂದೇ ಸಮನೆ ಬರುತ್ತಿದ್ದರೆ ಅದರಲ್ಲಿ ಸುದ್ದಿ ಏನೂ ಇಲ್ಲ. ಅದರ ಯಾವುದಾದರೂ ಒಂದು ಗುಣವನ್ನು ನಮ್ಮ ಡೇಟಾಗೆ ತಕ್ಕ ಹಾಗೆ ಬದಲಿಸಬೇಕು. ಅದೇ ಮಾಡ್ಯುಲೇಶನ್. ಬದಲಿಸಲು ಕೈಗೆ ಸಿಗುವ ಗುಣಗಳು ನಾಲ್ಕು: ಪವರ್, ಫೇಸ್ (ಅಲೆ ಯಾವ ಹೆಜ್ಜೆಯಲ್ಲಿದೆ ಅನ್ನುವುದು), ಫ್ರೀಕ್ವೆನ್ಸಿ, ಪೋಲರೈಸೇಶನ್ (ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಅನ್ನುವುದು).

ದೂರದ ಲಿಂಕ್‌ಗಳಲ್ಲಿ ಬಳಸುವ 1550 ನ್ಯಾನೋಮೀಟರ್ ಬೆಳಕು ಸೆಕೆಂಡಿಗೆ ಸುಮಾರು 193 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಅಷ್ಟು ವೇಗದ ಅಲೆಯನ್ನು ಯಾವ ಎಲೆಕ್ಟ್ರಾನಿಕ್ಸೂ ನೇರವಾಗಿ ಹಿಂಬಾಲಿಸಲಾರದು. ಬೆಳಕನ್ನು ಕರೆಂಟಾಗಿ ಬದಲಿಸುವ ಫೋಟೋಡಯೋಡ್‌ಗೆ ಕಾಣುವುದು ಪವರ್ ಮಾತ್ರ. ಈ ಒಂದು ಮಾತು ನೆನಪಿರಲಿ. ಮುಂದಿನ ಅರ್ಧ ಕಥೆ ಇದರಿಂದಲೇ ಹುಟ್ಟುತ್ತದೆ.

ಸುಮ್ನೆ ಲೇಸರ್ ಆನ್-ಆಫ್ ಮಾಡಿದರೆ ಸಾಲದೇ?

ಎಷ್ಟೋ ಕಡೆ ಸಾಕು. ಮನೆಗೆ ಬರುವ ಫೈಬರ್ ಇಂಟರ್ನೆಟ್ ಇದೇ ವಿಧಾನದಲ್ಲಿ ನಡೆಯುತ್ತದೆ. ಅದರ ಒಂದು ಪದ್ಧತಿಯಾದ ಜಿಪಾನ್‌ನಲ್ಲಿ ಕೆಳಗೆ (ಮನೆಗೆ) ಬರುವ ದಾರಿ 1490 ನ್ಯಾನೋಮೀಟರ್, ಸೆಕೆಂಡಿಗೆ 2.488 ಗಿಗಾಬಿಟ್. ಮೇಲೆ ಹೋಗುವ ದಾರಿ 1310 ನ್ಯಾನೋಮೀಟರ್, 1.244 ಗಿಗಾಬಿಟ್. ಎರಡೂ ಎನ್‌ಆರ್‌ಝಡ್. 1ಕ್ಕೆ ಬೆಳಕು ಜಾಸ್ತಿ, 0ಗೆ ಕಡಿಮೆ, ನಡುವೆ ಬಿಡುವಿಲ್ಲ.

"ಆಫ್" ಅಂದರೂ ಲೇಸರ್ ಪೂರ್ತಿ ಆರುವುದಿಲ್ಲ, ಗಮನಿಸಿ. ಪೂರ್ತಿ ಆರಿಸಿ ಮತ್ತೆ ಹೊತ್ತಿಸಿದರೆ ಬೆಳಕು ಬರಲು ತಡವಾಗುತ್ತದೆ. ಬಂದ ಮೇಲೂ ಸ್ವಲ್ಪ ಹೊತ್ತು ಏರಿಳಿದು ಒದ್ದಾಡುತ್ತದೆ. ಅದಕ್ಕೇ 0 ಕಳಿಸುವಾಗಲೂ ಕರೆಂಟನ್ನು ಲೇಸರ್ ಹೊತ್ತಿಕೊಳ್ಳುವ ಮಟ್ಟಕ್ಕಿಂತ (ಥ್ರೆಶೋಲ್ಡ್) ತುಸು ಮೇಲೆಯೇ ಇಡುತ್ತಾರೆ. 1ರ ಪವರ್‌ಗೂ 0ಯ ಪವರ್‌ಗೂ ಇರುವ ಅನುಪಾತವೇ ಎಕ್ಸ್‌ಟಿಂಕ್ಷನ್ ರೇಶಿಯೋ. ಅದು 10 ಡಿಬಿ (ಡೆಸಿಬೆಲ್, ಅನುಪಾತ ಹೇಳುವ ಅಳತೆ) ಇದ್ದರೆ 0ಯಲ್ಲೂ ಹತ್ತನೇ ಒಂದು ಭಾಗ ಬೆಳಕು ಉಳಿದಿದೆ ಅಂತ ಅರ್ಥ.

ಡೈರೆಕ್ಟ್ ಮಾಡ್ಯುಲೇಶನ್, ಎಕ್ಸ್‌ಟರ್ನಲ್ ಮಾಡ್ಯುಲೇಶನ್: ವ್ಯತ್ಯಾಸ ಏನು?

ಲೇಸರ್‌ಗೆ ಕೊಡುವ ಕರೆಂಟನ್ನೇ ಏರಿಳಿಸಿದರೆ ಡೈರೆಕ್ಟ್. ಲೇಸರ್ ತನ್ನ ಪಾಡಿಗೆ ಉರಿಯುತ್ತಿರಲಿ ಅಂತ ಬಿಟ್ಟು, ಮುಂದೆ ಇನ್ನೊಂದು ಸಾಧನ ಇಟ್ಟು ಬೆಳಕನ್ನು ತಿದ್ದಿದರೆ ಎಕ್ಸ್‌ಟರ್ನಲ್.

ಡೈರೆಕ್ಟ್ ವಿಧಾನ ಅಗ್ಗ, ಚಿಕ್ಕದು, ಕರೆಂಟೂ ಕಡಿಮೆ ತಿನ್ನುತ್ತದೆ. ಅದರ ಕಾಟ ಒಂದೇ, ಚರ್ಪ್. ಕರೆಂಟ್ ಬದಲಾದಾಗ ಲೇಸರ್ ಒಳಗಿನ ಎಲೆಕ್ಟ್ರಾನ್ ಸಾಂದ್ರತೆ ಬದಲಾಗುತ್ತದೆ. ಅದರ ಜೊತೆ ವಕ್ರೀಭವನ ಸೂಚ್ಯಂಕವೂ ಬದಲಾಗುತ್ತದೆ. ಹಾಗಾಗಿ ಪವರ್ ಏರಿಳಿಸಲು ಹೋದರೆ ತರಂಗಾಂತರವೂ ಜೊತೆಗೇ ಓಲಾಡುತ್ತದೆ. ನಾವು ಕೇಳಿದ್ದು ಒಂದು, ಲೇಸರ್ ಕೊಟ್ಟಿದ್ದು ಎರಡು. 10 ಕಿ.ಮೀ. ಲಿಂಕ್‌ನಲ್ಲಿ ಇದು ತೊಂದರೆ ಕೊಡುವುದಿಲ್ಲ. 1550ರಲ್ಲಿ 80 ಕಿ.ಮೀ. ಹೋಗಬೇಕೆಂದರೆ ಇದೇ ಮುಳುವಾಗುತ್ತದೆ. 10 ಗಿಗಾಬಿಟ್‌ನ ಎಲ್‌ಆರ್ ಮಾಡ್ಯೂಲ್ 1310ರಲ್ಲಿ ಡೈರೆಕ್ಟ್ ಆಗಿಯೇ 10 ಕಿ.ಮೀ. ಹೋಗುವುದು, 40 ಕಿ.ಮೀ.ಯ ಇಆರ್ ಮಾಡ್ಯೂಲ್ 1550ಕ್ಕೆ ಬಂದು ಎಕ್ಸ್‌ಟರ್ನಲ್‌ಗೆ ಮೊರೆ ಹೋಗುವುದು ಈ ಕಾರಣಕ್ಕೆ.

ದೂರ ಹೆಚ್ಚಿದರೆ ಬೆಳಕು ಮಂಕಾಗುತ್ತದೆ, ಅಷ್ಟೇ ಅಲ್ವಾ? ಆಂಪ್ಲಿಫೈಯರ್ ಹಾಕಿದರೆ ಮುಗೀತಲ್ಲ?

ಮಂಕಾಗುವುದು ಚಿಕ್ಕ ತೊಂದರೆ. 1550ರಲ್ಲಿ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡಿಬಿ ಅಷ್ಟೇ. ದೊಡ್ಡ ತೊಂದರೆ ಡಿಸ್ಪರ್ಶನ್. ಬೇರೆ ಬೇರೆ ತರಂಗಾಂತರಗಳು ಫೈಬರ್‌ನಲ್ಲಿ ಬೇರೆ ಬೇರೆ ವೇಗದಲ್ಲಿ ಹೋಗುತ್ತವೆ. ಮಾಮೂಲಿ ಸಿಂಗಲ್ ಮೋಡ್ ಫೈಬರ್‌ನಲ್ಲಿ 1550ರ ಹತ್ತಿರ ಇದು ಪ್ರತಿ ಕಿಲೋಮೀಟರಿಗೆ, ಸಿಗ್ನಲ್‌ನಲ್ಲಿರುವ ತರಂಗಾಂತರಗಳ ಪ್ರತಿ ನ್ಯಾನೋಮೀಟರ್ ಅಗಲಕ್ಕೆ, ಸುಮಾರು 17 ಪಿಕೋಸೆಕೆಂಡ್.

ಒಂದು ಲೆಕ್ಕ ಹಾಕಿ ನೋಡೋಣ. 10 ಗಿಗಾಬಿಟ್‌ನಲ್ಲಿ ಒಂದು ಬಿಟ್‌ನ ಅವಧಿ 100 ಪಿಕೋಸೆಕೆಂಡ್. ಚರ್ಪ್ ಇಲ್ಲದಿದ್ದರೂ ಸಿಗ್ನಲ್‌ನ ಅಗಲ ಸುಮಾರು 0.08 ನ್ಯಾನೋಮೀಟರ್. 80 ಕಿ.ಮೀ. ಹೋದ ಮೇಲೆ 17 × 80 × 0.08, ಅಂದರೆ ಸುಮಾರು 109 ಪಿಕೋಸೆಕೆಂಡ್ ಹರಡಿಕೊಂಡಿದೆ. ಒಂದು ಬಿಟ್ ಪಕ್ಕದ ಬಿಟ್‌ನ ಜಾಗಕ್ಕೇ ಹೋಗಿ ಕೂತಿತು.

ಈಗ ವೇಗವನ್ನು 40 ಗಿಗಾಬಿಟ್‌ಗೆ ಏರಿಸಿ. ಬಿಟ್‌ನ ಅವಧಿ ನಾಲ್ಕನೇ ಒಂದಾಯಿತು, ಸಿಗ್ನಲ್ ಅಗಲ ನಾಲ್ಕು ಪಟ್ಟಾಯಿತು. ಎರಡೂ ಕಡೆಯಿಂದ ಪೆಟ್ಟು. ದೂರ ಹದಿನಾರನೇ ಒಂದಕ್ಕೆ ಇಳಿದು 5 ಕಿ.ಮೀ. ಆಸುಪಾಸಿಗೆ ಬಂತು. ಆಂಪ್ಲಿಫೈಯರ್ ಇದಕ್ಕೆ ಏನೂ ಮಾಡಲಾರದು. ಹರಡಿಕೊಂಡ ಬಿಟ್ಟನ್ನು ಅದು ಹರಡಿಕೊಂಡ ಹಾಗೇ ದೊಡ್ಡದು ಮಾಡಿ ಕೊಡುತ್ತದೆ.

ಮಾಕ್-ಝೆಂಡರ್ ಮಾಡ್ಯುಲೇಟರ್ ಒಳಗೆ ಏನು ನಡೆಯುತ್ತದೆ?

ಎಕ್ಸ್‌ಟರ್ನಲ್ ವಿಧಾನದಲ್ಲಿ ಲೇಸರ್ ಮುಂದೆ ಇಡುವ ಸಾಧನ ಇದು, ಈ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಒಳಗೆ ಬಂದ ಬೆಳಕನ್ನು ಎರಡು ದಾರಿಗೆ ಸಮನಾಗಿ ಹಂಚುತ್ತಾರೆ. ದಾರಿಗಳು ಲಿಥಿಯಂ ನಿಯೋಬೇಟ್ ಹರಳಿನಲ್ಲಿ ಮಾಡಿದವು. ಈ ಹರಳಿಗೆ ವೋಲ್ಟೇಜ್ ಕೊಟ್ಟರೆ ಅದರ ವಕ್ರೀಭವನ ಸೂಚ್ಯಂಕ ಬದಲಾಗುತ್ತದೆ. ಇದೇ ಪಾಕಲ್ಸ್ ಪರಿಣಾಮ. ಸೂಚ್ಯಂಕ ಬದಲಾದರೆ ಆ ದಾರಿಯ ಬೆಳಕು ತುಸು ಹಿಂದೆ ಬೀಳುತ್ತದೆ ಅಥವಾ ಮುಂದೆ ಹೋಗುತ್ತದೆ. ಕೊನೆಯಲ್ಲಿ ಎರಡೂ ದಾರಿ ಸೇರುತ್ತವೆ. ಅಲೆಗಳು ಹೆಜ್ಜೆಗೆ ಹೆಜ್ಜೆ ಹೊಂದಿ ಬಂದರೆ ಹೊರಗೆ ಪೂರ್ತಿ ಬೆಳಕು. ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಎದುರಾದರೆ ಹೊರಗೆ ಕತ್ತಲೆ. (ಆ ಬೆಳಕು ಮಾಯವಾಗುವುದಿಲ್ಲ. ಸೇರುವ ಜಾಗದಿಂದ ಹರಳಿನ ಮೈಯೊಳಗೆ ಸೋರಿ ಹೋಗುತ್ತದೆ.) ಪೂರ್ತಿ ಬೆಳಕಿನಿಂದ ಪೂರ್ತಿ ಕತ್ತಲೆಗೆ ಹೋಗಲು ಬೇಕಾದ ವೋಲ್ಟೇಜನ್ನು ವಿ-ಪೈ ಅನ್ನುತ್ತಾರೆ. ಹಳೆಯ ಮಾದರಿಯ ಲಿಥಿಯಂ ನಿಯೋಬೇಟ್‌ನಲ್ಲಿ ಅದು ಕೆಲವು ವೋಲ್ಟ್. ಈಗಿನ ತೆಳು ಪದರದ ಮಾಡ್ಯುಲೇಟರ್‌ಗಳಲ್ಲಿ ಇನ್ನೂ ಕಡಿಮೆ.

ಇಲ್ಲಿ ಬಯಾಸ್ (ಸಿಗ್ನಲ್ ಇಲ್ಲದಾಗಲೂ ಕೊಡುವ ಸ್ಥಿರ ವೋಲ್ಟೇಜ್) ಅನ್ನುವುದೇ ಎಲ್ಲ. ಆನ್-ಆಫ್ ಸಿಗ್ನಲ್‌ಗೆ ಬಯಾಸನ್ನು ಅರ್ಧ ಬೆಳಕಿನ ಬಿಂದುವಿನಲ್ಲಿ ನಿಲ್ಲಿಸುತ್ತಾರೆ. ಫೇಸ್ ಬದಲಿಸಬೇಕಾದರೆ ಪೂರ್ತಿ ಕತ್ತಲೆಯ ಬಿಂದುವಿನಲ್ಲಿ. ಆಗ ಎರಡು ವಿ-ಪೈ ಅಗಲದ ಸಿಗ್ನಲ್ ಕೊಟ್ಟರೆ ಕತ್ತಲೆಯ ಎರಡೂ ಬದಿಗೆ ಬೆಳಕು ಸಿಗುತ್ತದೆ. ಪವರ್ ಒಂದೇ, ಫೇಸ್ ಮಾತ್ರ ಒಂದಕ್ಕೊಂದು 180 ಡಿಗ್ರಿ ತಿರುಗಿದ್ದು. ಆದರೆ ತಾಪಮಾನಕ್ಕೂ ವಯಸ್ಸಿಗೂ ಈ ಬಿಂದು ಮೆಲ್ಲಗೆ ಜಾರುತ್ತಿರುತ್ತದೆ. ಅದಕ್ಕೆ ಡಿದರ್ ಟೋನ್ ಅನ್ನುವ ಒಂದು ಸಣ್ಣ ಗುರುತಿನ ಕಂಪನ ಸೇರಿಸಿ, ಹೊರಗೆ ಬಂದ ಬೆಳಕಿನಲ್ಲಿ ಅದು ಹೇಗೆ ಕಾಣುತ್ತದೆ ಅಂತ ನೋಡುತ್ತಾ, ಬಯಾಸನ್ನು ಸದಾ ಸರಿಪಡಿಸುವ ಸರ್ಕ್ಯೂಟ್ ಇಟ್ಟಿರುತ್ತಾರೆ. ಈ ಸರ್ಕ್ಯೂಟ್ ದಾರಿ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಕಾನ್‌ಸ್ಟಲೇಶನ್ (ಸಂಕೇತಗಳನ್ನು ಬಿಂದುಗಳಾಗಿ ತೋರಿಸುವ ಚಿತ್ರ) ವಾರೆಯಾಗುತ್ತದೆ.

ಅಂದ ಹಾಗೆ, ಹೆಸರಿನಲ್ಲಿರುವ ಲುಡ್ವಿಗ್ ಮಾಕ್, ಶಬ್ದವೇಗದ ಲೆಕ್ಕಕ್ಕೆ ಹೆಸರು ಕೊಟ್ಟ ಅರ್ನ್‌ಸ್ಟ್ ಮಾಕ್ ಅವರ ಮಗ. ಆ ಇಂಟರ್‌ಫೆರೋಮೀಟರ್ 1890ರ ದಶಕದ್ದು. ಲೇಸರ್ ಬರಲು ಇನ್ನೂ ಸುಮಾರು 70 ವರ್ಷ ಬಾಕಿ ಇತ್ತು.

ಇಎಎಂ, ಸಿಲಿಕಾನ್ ರಿಂಗ್ ಅಂತೆಲ್ಲ ಕೇಳುತ್ತೇವಲ್ಲ, ಅವು?

ಇಎಎಂ ಅಂದರೆ ವೋಲ್ಟೇಜ್ ಕೊಟ್ಟಾಗ ಬೆಳಕನ್ನು ಹೀರಿಕೊಳ್ಳುವ ಸೆಮಿಕಂಡಕ್ಟರ್ ತುಂಡು. ಲೇಸರ್ ಇರುವ ಚಿಪ್‌ನಲ್ಲೇ ಇದನ್ನೂ ಕೂರಿಸಬಹುದು. ಆ ಜೋಡಿಯನ್ನು ಇಎಂಎಲ್ ಅನ್ನುತ್ತಾರೆ. ಚರ್ಪ್ ಪೂರ್ತಿ ಹೋಗುವುದಿಲ್ಲ, ಆದರೆ ಡೈರೆಕ್ಟ್ ಲೇಸರ್‌ಗಿಂತ ಎಷ್ಟೋ ವಾಸಿ.

ಸಿಲಿಕಾನ್‌ನಲ್ಲಿ ಪಾಕಲ್ಸ್ ಪರಿಣಾಮ ಇಲ್ಲ. ಅಲ್ಲಿ ವಿದ್ಯುತ್ ಕಣಗಳನ್ನು ಒಳಗೆ ಹೊರಗೆ ಸರಿಸಿ ಸೂಚ್ಯಂಕ ಬದಲಿಸುತ್ತಾರೆ. ರಿಂಗ್ ಮಾಡ್ಯುಲೇಟರ್ (ಬೆಳಕು ಸುತ್ತುವ ಸಣ್ಣ ಉಂಗುರ) ಕೂದಲೆಳೆಯ ದಪ್ಪಕ್ಕಿಂತ ಚಿಕ್ಕದಾಗಬಲ್ಲದು. ಆದರೆ ತುಸು ಬಿಸಿಯಾದರೂ ಅದರ ತರಂಗಾಂತರ ಜಾರುತ್ತದೆ. ಅದನ್ನು ಹಿಡಿದಿಡಲು ಪಕ್ಕದಲ್ಲೊಂದು ಹೀಟರ್ ಬೇಕೇ ಬೇಕು.

ಬಾಡ್ ರೇಟ್, ಬಿಟ್ ರೇಟ್ ಎರಡೂ ಒಂದೇನಾ?

ಅಲ್ಲ. ಸೆಕೆಂಡಿಗೆ ಎಷ್ಟು ಸಂಕೇತ ಕಳಿಸುತ್ತೀರಿ ಅನ್ನುವುದು ಬಾಡ್. ಒಂದೊಂದು ಸಂಕೇತ ಎಷ್ಟು ಬಿಟ್ ಹೊರುತ್ತದೆ ಅನ್ನುವುದು ಬೇರೆ. ಎರಡನ್ನೂ ಗುಣಿಸಿದರೆ ಬಿಟ್ ರೇಟ್. ಎನ್‌ಆರ್‌ಝಡ್‌ನಲ್ಲಿ (ಒಂದು ಸಂಕೇತಕ್ಕೆ ಒಂದೇ ಬಿಟ್) ಎರಡೂ ಒಂದೇ ಸಂಖ್ಯೆ ಬರುತ್ತವೆ, ಗೊಂದಲ ಅಲ್ಲಿಂದಲೇ ಶುರು. ಫೈಬರ್‌ನಲ್ಲಿ ಸಿಗ್ನಲ್ ಎಷ್ಟು ಅಗಲದ ಜಾಗ ಹಿಡಿಯುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಬಾಡ್ ರೇಟ್.

ಪ್ಯಾಮ್-4 ಯಾಕೆ ಬಂತು?

ಎಲೆಕ್ಟ್ರಾನಿಕ್ಸ್‌ನ ವೇಗ ದುಪ್ಪಟ್ಟು ಮಾಡುವುದು ಕಷ್ಟವಾಯಿತು. ಹಾಗಾಗಿ ಎರಡು ಮಟ್ಟದ ಬದಲು ನಾಲ್ಕು ಮಟ್ಟದ ಪವರ್ ಬಳಸಿ ಒಂದು ಸಂಕೇತಕ್ಕೆ ಎರಡು ಬಿಟ್ ಹೊರಿಸಿದರು. 400 ಗಿಗಾಬಿಟ್ ಡಿಆರ್-4 ಮಾಡ್ಯೂಲ್‌ನಲ್ಲಿ ನಾಲ್ಕು ಸಾಲು, ಒಂದೊಂದೂ 53.125 ಗಿಗಾಬಾಡ್. ದೂರ 500 ಮೀಟರ್.

ಇದಕ್ಕೆ ತೆರುವ ಬೆಲೆಯೂ ಇದೆ. ಬಂದ ಸಂಕೇತಗಳನ್ನು ಒಂದರ ಮೇಲೊಂದು ಇಟ್ಟು ನೋಡುವ ಐ ಡಯಾಗ್ರಾಮ್‌ನಲ್ಲಿ ಒಂದು ದೊಡ್ಡ ಕಣ್ಣಿನ ಬದಲು ಮೂರು ಸಣ್ಣ ಕಣ್ಣು ಕಾಣುತ್ತವೆ. ಅದೇ ಎತ್ತರದ ಕೋಣೆಯಲ್ಲಿ ಮೂರು ಅಟ್ಟ ಹಾಕಿದ ಹಾಗೆ, ಒಂದೊಂದರಲ್ಲೂ ತಲೆ ಎತ್ತಲು ಜಾಗ ಮೂರನೇ ಒಂದು. ಎಲೆಕ್ಟ್ರಿಕಲ್ ಲೆಕ್ಕದಲ್ಲಿ ಇದು ಸುಮಾರು 9.5 ಡಿಬಿ ನಷ್ಟ. ಹೀಗಾಗಿ ಎಫ್‌ಇಸಿ (ತಪ್ಪಾದ ಬಿಟ್‌ಗಳನ್ನು ರಿಸೀವರ್‌ನಲ್ಲೇ ತಿದ್ದುವ ವ್ಯವಸ್ಥೆ) ಇಲ್ಲದೆ ಈ ವೇಗದ ಪ್ಯಾಮ್-4 ಲಿಂಕ್ ನಡೆಯುವುದಿಲ್ಲ. ಎನ್‌ಆರ್‌ಝಡ್‌ಗೆ ಒಗ್ಗಿಕೊಂಡವರು ಪ್ಯಾಮ್-4 ಲಿಂಕ್‌ನಲ್ಲಿ ಎಫ್‌ಇಸಿ ಆಫ್ ಮಾಡಿ, "ಲಿಂಕ್ ಏಳ್ತಾನೇ ಇಲ್ಲ" ಅಂತ ತಲೆ ಕೆಡಿಸಿಕೊಳ್ಳುವುದು ಹೊಸತೇನಲ್ಲ.

ಫೋಟೋಡಯೋಡ್‌ಗೆ ಫೇಸ್ ಕಾಣುವುದಿಲ್ಲ ಅಂದಿರಿ. ಹಾಗಾದರೆ ಫೇಸ್‌ನಲ್ಲಿ ಇಟ್ಟ ಡೇಟಾ ಓದುವುದು ಹೇಗೆ?

ಎರಡು ದಾರಿ ಇದೆ. ಒಂದು, ಬಂದ ಬೆಳಕನ್ನು ಎರಡಾಗಿ ಸೀಳಿ, ಒಂದು ಭಾಗವನ್ನು ಒಂದು ಸಂಕೇತದಷ್ಟು ತಡಮಾಡಿ, ಮತ್ತೆ ಕೂಡಿಸುವುದು. ಈಗಿನ ಸಂಕೇತ ಹಿಂದಿನದಕ್ಕಿಂತ ಬೇರೆಯೋ ಅದೇನೋ ಅನ್ನುವುದು ಪವರ್ ಆಗಿ ಹೊರಬರುತ್ತದೆ. ಡಿಪಿಎಸ್‌ಕೆ, ಡಿಕ್ಯೂಪಿಎಸ್‌ಕೆ ಕೆಲಸ ಮಾಡುವುದು ಹೀಗೆ. 40 ಗಿಗಾಬಿಟ್ ಕಾಲದಲ್ಲಿ ಇವುಗಳದೇ ಜಮಾನ.

ಎರಡನೆಯದು ಕೊಹೆರೆಂಟ್. ರಿಸೀವರ್‌ನಲ್ಲೇ ಇನ್ನೊಂದು ಲೇಸರ್ ಇಟ್ಟು, ಬಂದ ಬೆಳಕಿನ ಜೊತೆ ಅದರ ಬೆಳಕನ್ನು ಬೆರೆಸುತ್ತಾರೆ. ಎರಡರ ನಡುವಿನ ಫೇಸ್ ವ್ಯತ್ಯಾಸ ಪವರ್ ಏರಿಳಿತವಾಗಿ ಕಾಣುತ್ತದೆ, ಅದನ್ನು ಫೋಟೋಡಯೋಡ್ ಹಿಡಿಯಬಲ್ಲದು. ಎರಡು ಪೋಲರೈಸೇಶನ್, ಪ್ರತಿಯೊಂದಕ್ಕೂ 90 ಡಿಗ್ರಿ ಅಂತರದ ಎರಡು ಭಾಗ. ಒಟ್ಟು ನಾಲ್ಕು ಸಿಗ್ನಲ್ ಡಿಜಿಟಲ್ ಆಗಿ, ಸಿಗ್ನಲ್ ಮೇಲೆ ಲೆಕ್ಕ ಮಾಡುವ ಡಿಎಸ್‌ಪಿ ಚಿಪ್‌ಗೆ ಹೋಗುತ್ತವೆ.

ಇದರಿಂದ ಸಿಕ್ಕ ದೊಡ್ಡ ಲಾಭ ಹೆಚ್ಚು ಬಿಟ್ ಹೊರುವುದಕ್ಕಿಂತ ಬೇರೆಯದೇ. ಬೆಳಕಿನ ಅಲೆ ಪೂರ್ತಿಯಾಗಿ, ಪವರ್ ಫೇಸ್ ಎರಡೂ ಸಮೇತ, ಕೈಗೆ ಸಿಕ್ಕಿದ್ದರಿಂದ ಮೇಲೆ ಹೇಳಿದ ಡಿಸ್ಪರ್ಶನ್ನನ್ನು ಲೆಕ್ಕದಲ್ಲೇ ಹಿಂದಕ್ಕೆ ತಿರುಗಿಸಬಹುದು. ಸಾವಿರಾರು ಕಿಲೋಮೀಟರಿನ ಹರಡುವಿಕೆ ಚಿಪ್ ಒಳಗೆ ಅಳಿಸಿ ಹೋಗುತ್ತದೆ.

ಇಷ್ಟು ಒಳ್ಳೆಯದಾದರೆ ಕೊಹೆರೆಂಟ್ ಮೊದಲೇ ಯಾಕೆ ಬರಲಿಲ್ಲ?

1980ರ ದಶಕದಲ್ಲೇ ಪ್ರಯೋಗಾಲಯಗಳಲ್ಲಿ ಇದರ ಮೇಲೆ ಜೋರು ಕೆಲಸ ನಡೆದಿತ್ತು. ಆಗಿನ ಆಸೆ ರಿಸೀವರ್ ಇನ್ನಷ್ಟು ಸೂಕ್ಷ್ಮವಾಗಲಿ ಅನ್ನುವುದು. ಅಷ್ಟರಲ್ಲಿ 1987ರ ಹೊತ್ತಿಗೆ ಎರ್ಬಿಯಂ ಫೈಬರ್ ಆಂಪ್ಲಿಫೈಯರ್ ಬಂತು. ಬೆಳಕನ್ನು ಬೆಳಕಾಗಿಯೇ ದೊಡ್ಡದು ಮಾಡುವ ಸುಲಭ ದಾರಿ ಸಿಕ್ಕ ಮೇಲೆ ಎರಡು ಲೇಸರ್‌ಗಳ ಫೇಸ್ ಹೊಂದಿಸುವ ಗೋಜು ಯಾರಿಗೆ ಬೇಕು? ಕೊಹೆರೆಂಟ್ ಮೂಲೆ ಸೇರಿತು.

2000ದ ದಶಕದಲ್ಲಿ ವೇಗದ ಎಡಿಸಿ (ಅನಲಾಗ್ ಸಿಗ್ನಲ್ಲನ್ನು ಡಿಜಿಟಲ್ ಮಾಡುವ ಚಿಪ್), ಡಿಎಸ್‌ಪಿ ಚಿಪ್‌ಗಳು ಬಂದಾಗ ಫೇಸ್ ಹೊಂದಿಸುವ ಕೆಲಸವನ್ನು ಸಾಫ್ಟ್‌ವೇರ್ ಲೆಕ್ಕಕ್ಕೆ ಬಿಡಬಹುದು ಅಂತಾಯಿತು. 2010ರ ಆಸುಪಾಸಿನಲ್ಲಿ 100 ಗಿಗಾಬಿಟ್ ಕೊಹೆರೆಂಟ್ ಮಾರುಕಟ್ಟೆಗೆ ಬಂತು.

ಡಿಪಿ-16ಕ್ವಾಮ್ ಅನ್ನುವ ಹೆಸರನ್ನು ಬಿಡಿಸಿ ಹೇಳಿ.

ಎರಡು ಮಾಕ್-ಝೆಂಡರ್‌ಗಳನ್ನು ಪಕ್ಕಪಕ್ಕ ಇಟ್ಟು, ಒಂದರ ಬೆಳಕನ್ನು 90 ಡಿಗ್ರಿ ತಿರುಗಿಸಿ ಸೇರಿಸಿದರೆ ಐಕ್ಯೂ ಮಾಡ್ಯುಲೇಟರ್. ಎರಡಕ್ಕೂ ಎರಡೆರಡು ಮಟ್ಟ ಕೊಟ್ಟರೆ ನಾಲ್ಕು ಬಿಂದು, ಅಂದರೆ ಕ್ಯೂಪಿಎಸ್‌ಕೆ. ನಾಲ್ಕು ನಾಲ್ಕು ಮಟ್ಟ ಕೊಟ್ಟರೆ 4 × 4, ಅಂದರೆ 16 ಬಿಂದು. ಒಂದು ಸಂಕೇತಕ್ಕೆ ನಾಲ್ಕು ಬಿಟ್. ಇಂಥದ್ದೇ ಇನ್ನೊಂದನ್ನು ಇನ್ನೊಂದು ಪೋಲರೈಸೇಶನ್ ಮೇಲೆ ಹಾಕಿದರೆ ಡಿಪಿ, ಒಟ್ಟು ಎಂಟು ಬಿಟ್.

400ಝಡ್‌ಆರ್ ಮಾಡ್ಯೂಲ್ ಸುಮಾರು 60 ಗಿಗಾಬಾಡ್‌ನಲ್ಲಿ ಓಡುತ್ತದೆ. 60 × 8 ಅಂದರೆ 480 ಗಿಗಾಬಿಟ್. ಅದರಲ್ಲಿ 400 ನಿಮ್ಮ ಡೇಟಾ, ಉಳಿದದ್ದು ಎಫ್‌ಇಸಿ ಮತ್ತು ಚಿಲ್ಲರೆ ಖರ್ಚು. ಆಂಪ್ಲಿಫೈಯರ್ ಇದ್ದರೆ 120 ಕಿ.ಮೀ. ವರೆಗಿನ ಲಿಂಕ್‌ಗೆ ಅಂತ ಇದನ್ನು ರೂಪಿಸಿದ್ದಾರೆ.

ಎರಡು ಪೋಲರೈಸೇಶನ್ ದಾರಿಯಲ್ಲಿ ಕಲಸಿಹೋಗುವುದಿಲ್ಲವೇ?

ಖಂಡಿತ ಕಲಸಿಹೋಗುತ್ತವೆ. ಫೈಬರ್ ಬಾಗಿದರೆ, ಬಿಸಿಯಾದರೆ, ಯಾರಾದರೂ ಮುಟ್ಟಿದರೂ ಪೋಲರೈಸೇಶನ್ ತಿರುಗುತ್ತದೆ. ಹೈಟೆನ್ಶನ್ ಲೈನ್‌ನ ಮೇಲಿನ ತಂತಿಯಲ್ಲಿ ಫೈಬರ್ ಇದ್ದು, ಅದಕ್ಕೆ ಸಿಡಿಲು ಬಡಿದರೆ ಆ ಕರೆಂಟಿನ ಕಾಂತಕ್ಷೇತ್ರಕ್ಕೂ ತಿರುಗುತ್ತದೆ, ಅದೂ ಮೈಕ್ರೋಸೆಕೆಂಡ್‌ಗಳಲ್ಲಿ. ಡಿಎಸ್‌ಪಿ ಈ ಕಲಸುವಿಕೆಯನ್ನು ಸತತವಾಗಿ ಅಂದಾಜು ಮಾಡುತ್ತಾ ಎರಡನ್ನೂ ಬಿಡಿಸುತ್ತಿರುತ್ತದೆ. ತಿರುಗುವ ವೇಗ ಅದರ ಕೈಮೀರಿದರೆ ಆ ಕ್ಷಣಕ್ಕೆ ಎರರ್ ಬರುತ್ತದೆ. ಕಾರಣ ಸಿಗದ ಚುಟುಕು ಎರರ್‌ಗಳು ಬಂದಾಗ ಅಂದಿನ ಹವಾಮಾನ ನೋಡುವುದು ಮೂಢನಂಬಿಕೆಯೇನಲ್ಲ.

ಹಾಗಾದರೆ ಎಲ್ಲ ಕಡೆ 64ಕ್ವಾಮ್ ಹಾಕಿಬಿಡಬಹುದಲ್ಲ?

ಬಿಂದುಗಳು ಹೆಚ್ಚಾದಷ್ಟೂ ಒಂದಕ್ಕೊಂದು ಹತ್ತಿರವಾಗುತ್ತವೆ. ಸ್ವಲ್ಪ ನಾಯ್ಸ್ ಬಂದರೂ ಒಂದು ಬಿಂದು ಇನ್ನೊಂದರ ಹಾಗೆ ಕಾಣುತ್ತದೆ. ಅದೇ ಬಾಡ್ ರೇಟ್‌ನಲ್ಲಿ ಕ್ಯೂಪಿಎಸ್‌ಕೆಯಿಂದ 16ಕ್ವಾಮ್‌ಗೆ ಹೋದರೆ ಬಿಟ್ ದುಪ್ಪಟ್ಟಾಗುತ್ತದೆ, ಆದರೆ ಸುಮಾರು 7 ಡಿಬಿ ಹೆಚ್ಚು ಶುದ್ಧವಾದ ಸಿಗ್ನಲ್ ಬೇಕು. 64ಕ್ಕೆ ಹೋದರೆ ಬಿಟ್ ಒಂದೂವರೆ ಪಟ್ಟು ಮಾತ್ರ, ಮತ್ತೆ 6 ಡಿಬಿ ಹತ್ತಿರ ತೆರಬೇಕು. ಲಾಭ ಇಳಿಯುತ್ತಾ, ಖರ್ಚು ಅಷ್ಟೇ ಉಳಿಯುತ್ತಾ ಹೋಗುತ್ತದೆ. ದಾರಿಯಲ್ಲಿನ ಒಂದೊಂದು ಆಂಪ್ಲಿಫೈಯರೂ ತನ್ನ ಪಾಲಿನ ನಾಯ್ಸ್ ಸೇರಿಸುತ್ತದೆ. ಸಾವಿರಾರು ಕಿ.ಮೀ. ಸಮುದ್ರದಡಿ ಕೇಬಲ್‌ನಲ್ಲಿ ಕ್ಯೂಪಿಎಸ್‌ಕೆಯಂಥ ಸರಳ ಫಾರ್ಮ್ಯಾಟ್‌ಗಳು ಇವತ್ತಿಗೂ ಬೇಕಾಗುವುದು ಅದಕ್ಕೇ.

ಲೇಸರ್ ಗುಣಮಟ್ಟವೂ ಅಡ್ಡ ಬರುತ್ತದೆ. 16ಕ್ವಾಮ್‌ಗೆ ಸುಮಾರು 100 ಕಿಲೋಹರ್ಟ್ಸ್ ಮಟ್ಟದ ಲೈನ್‌ವಿಡ್ತ್ (ಲೇಸರ್ ಫ್ರೀಕ್ವೆನ್ಸಿಯ ಹರವು) ಇರುವ ಲೇಸರ್ ಬೇಕು. ಸಾಧಾರಣ ಡಿಎಫ್‌ಬಿ ಲೇಸರ್‌ಗೆ ಆ ಶಿಸ್ತು ಇರುವುದಿಲ್ಲ.

ಇದಕ್ಕೆ ಬಂದ ಜಾಣ ಉಪಾಯ ಪ್ರಾಬಬಿಲಿಸ್ಟಿಕ್ ಶೇಪಿಂಗ್. 64 ಬಿಂದು ಇಟ್ಟುಕೊಂಡೇ, ಹೊರಗಿನ ಹೆಚ್ಚು ಪವರ್‌ನ ಬಿಂದುಗಳನ್ನು ಅಪರೂಪಕ್ಕೆ, ಒಳಗಿನವನ್ನು ಹೆಚ್ಚಾಗಿ ಬಳಸುವುದು. ಸಿದ್ಧಾಂತದ ಪ್ರಕಾರ ಇದರಿಂದ 1.53 ಡಿಬಿ ವರೆಗೆ ಲಾಭ ಸಿಗಬಹುದು. ಅದಕ್ಕಿಂತ ಉಪಯೋಗದ ಮಾತೆಂದರೆ, ಲಿಂಕ್‌ನ ದೂರಕ್ಕೆ ತಕ್ಕಂತೆ ಬಿಟ್ ರೇಟನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಹೊಂದಿಸಬಹುದು.

ನಾಯ್ಸ್ ಮೀರಿಸಲು ಪವರ್ ಜಾಸ್ತಿ ಕೊಟ್ಟರೆ?

ಒಂದು ಹಂತದವರೆಗೆ ಸರಿ. ಆಮೇಲೆ ಫೈಬರ್ರೇ ತಿರುಗಿ ಬೀಳುತ್ತದೆ. ಗಾಜಿನ ಸೂಚ್ಯಂಕ ಬೆಳಕಿನ ಪವರ್‌ಗೆ ತಕ್ಕಂತೆ ಬದಲಾಗುತ್ತದೆ, ಇದು ಕರ್ ಪರಿಣಾಮ. ಸಿಗ್ನಲ್ ತನ್ನ ಫೇಸನ್ನು ತಾನೇ ಕೆಡಿಸಿಕೊಳ್ಳುತ್ತದೆ, ಅದೇ ಫೈಬರ್‌ನಲ್ಲಿ ಬೇರೆ ತರಂಗಾಂತರದಲ್ಲಿ ಹೋಗುವ ಪಕ್ಕದ ಚಾನೆಲ್‌ನದ್ದನ್ನೂ ಕೆಡಿಸುತ್ತದೆ. ಪವರ್ ಏರಿಸುತ್ತಾ ಹೋದರೆ ಗುಣಮಟ್ಟ ಮೊದಲು ಏರಿ, ತುದಿ ಮುಟ್ಟಿ, ಮತ್ತೆ ಇಳಿಯುತ್ತದೆ. ಲಾಂಚ್ ಪವರ್ (ಫೈಬರ್‌ಗೆ ಒಳಬಿಡುವ ಪವರ್) ಹೊಂದಿಸುವುದೆಂದರೆ ಆ ತುದಿ ಹುಡುಕುವುದು.

ಎಫ್‌ಇಸಿ ಇದ್ದರೆ ಎಷ್ಟು ಎರರ್ ತಡೆದುಕೊಳ್ಳಬಹುದು?

ಕೇಳಿದರೆ ನಂಬುವುದು ಕಷ್ಟ. 400ಝಡ್‌ಆರ್‌ನ ಎಫ್‌ಇಸಿ ಸುಮಾರು 80 ಬಿಟ್‌ಗೆ ಒಂದು ತಪ್ಪಿದ್ದರೂ ತಿದ್ದುತ್ತದೆ. ತಿದ್ದಿದ ಮೇಲೆ ಉಳಿಯುವುದು ಹತ್ತು ಕೋಟಿ ಕೋಟಿ ಬಿಟ್‌ಗೆ ಒಂದರ ಮಟ್ಟ. ಇದರಿಂದ ಒಂದು ಅಪಾಯವೂ ಇದೆ. ಲಿಂಕ್ ಕೊನೆಯ ಕ್ಷಣದವರೆಗೂ ಒಂದೂ ತಪ್ಪಿಲ್ಲದೆ ಓಡಿ, ಗೆರೆ ದಾಟಿದ ಕೂಡಲೇ ಒಮ್ಮೆಲೇ ಬಿದ್ದುಹೋಗುತ್ತದೆ. ಹಾಗಾಗಿ ಪೋಸ್ಟ್-ಎಫ್‌ಇಸಿ (ತಿದ್ದಿದ ಮೇಲಿನ) ಎರರ್ ನೋಡಿ ನೆಮ್ಮದಿಯಾಗಿ ಕೂರಬೇಡಿ. ಪ್ರಿ-ಎಫ್‌ಇಸಿ (ತಿದ್ದುವ ಮುಂಚಿನ) ಎರರ್ ರೇಟ್ ದಿನೇ ದಿನೇ ಹೇಗೆ ಸಾಗುತ್ತಿದೆ ಅನ್ನುವುದನ್ನು ನೋಡಿ.

ಫೈಬರ್‌ನಲ್ಲಿ ಅನಲಾಗ್ ಸಿಗ್ನಲ್ ಕಳಿಸಬಹುದೇ?

ಕಳಿಸುತ್ತಾರೆ. ಕೇಬಲ್ ಟಿವಿ ಚಾನೆಲ್‌ಗಳನ್ನು 1550ರಲ್ಲಿ ಇಂಟೆನ್ಸಿಟಿ ಮಾಡ್ಯುಲೇಶನ್ ಮಾಡಿ ಕಳಿಸುವುದು ಹಳೆಯ ರೂಢಿ. ಆಂಟೆನಾಗೆ ರೇಡಿಯೋ ಸಿಗ್ನಲ್ಲನ್ನೇ ಫೈಬರ್ ಮೇಲೆ ಒಯ್ಯುವ ಪದ್ಧತಿಯೂ ಇದೆ. ಅಲ್ಲಿ ವೇಗಕ್ಕಿಂತ ಮಾಡ್ಯುಲೇಟರ್ ಎಷ್ಟು ನೇರವಾಗಿ ನಡೆದುಕೊಳ್ಳುತ್ತದೆ ಅನ್ನುವುದು ಮುಖ್ಯ.

ಹಳೆಯ 10 ಗಿಗಾಬಿಟ್ ಚಾನೆಲ್‌ಗಳ ಪಕ್ಕದಲ್ಲೇ ಕೊಹೆರೆಂಟ್ ಚಾನೆಲ್ ಓಡಿಸಬಹುದೇ?

ಓಡಿಸಬಹುದು, ಆದರೆ ಅಂಟಿಕೊಂಡು ಬೇಡ. ಆನ್-ಆಫ್ ಸಿಗ್ನಲ್‌ನ ಪವರ್ ಏರಿಳಿತ ಪಕ್ಕದ ಕೊಹೆರೆಂಟ್ ಚಾನೆಲ್‌ನ ಫೇಸನ್ನು ಅಲುಗಾಡಿಸುತ್ತದೆ. ನಡುವೆ ಕೆಲವು ಚಾನೆಲ್ ಖಾಲಿ ಬಿಡಿ. ಹಳೆಯ ಲಿಂಕ್‌ಗಳಲ್ಲಿರುವ ಡಿಸ್ಪರ್ಶನ್ ಸರಿಪಡಿಸುವ ಫೈಬರ್ ಸುರುಳಿಗಳು ಕೊಹೆರೆಂಟ್‌ಗೆ ಬೇಕಿಲ್ಲ. ಎಷ್ಟೋ ಸಲ ಅವು ಇರುವುದೇ ತೊಂದರೆ, ನಷ್ಟವನ್ನೂ ನಾನ್‌ಲೀನಿಯರ್ (ಮೇಲೆ ಹೇಳಿದ ಕರ್ ಪರಿಣಾಮದಂಥ) ಕಾಟವನ್ನೂ ಸೇರಿಸುತ್ತವೆ. ಎಲ್ಲ ಚಾನೆಲ್‌ಗಳೂ ಕೊಹೆರೆಂಟ್ ಆದ ದಿನ ಅವನ್ನು ತೆಗೆದುಹಾಕಿ.

ಎಲ್ಲ ಕಡೆಯೂ ಕೊಹೆರೆಂಟ್ ಹಾಕಿದರೆ ತಲೆನೋವೇ ಇಲ್ಲ ಅಲ್ವಾ?

10 ಗಿಗಾಬಿಟ್‌ನ ಚಿಕ್ಕ ಮಾಡ್ಯೂಲ್ ಒಂದು ವ್ಯಾಟ್ ಆಸುಪಾಸಿನಲ್ಲಿ ಮುಗಿಸುತ್ತದೆ. 400ಝಡ್‌ಆರ್‌ಗೆ 15ರಿಂದ 20 ವ್ಯಾಟ್ ಬೇಕು. ಸ್ವಿಚ್‌ನಲ್ಲಿ ಮೂವತ್ತೆರಡು ಪೋರ್ಟ್ ಇದ್ದರೆ ಬಿಸಿಯ ಲೆಕ್ಕ ನೀವೇ ಹಾಕಿ. ಒಂದೇ ಕಟ್ಟಡದೊಳಗಿನ 300 ಮೀಟರ್‌ಗೆ ಅಷ್ಟು ಖರ್ಚು ಮಾಡುವುದು ದಂಡ. ನನ್ನ ಅಂದಾಜು ಲೆಕ್ಕ ಹೀಗೆ: ಕೆಲವು ಕಿ.ಮೀ. ಒಳಗೆ ಪ್ಯಾಮ್-4 ಕಣ್ಣು ಮುಚ್ಚಿ ಆರಿಸಿ. 80 ಕಿ.ಮೀ. ಮತ್ತು ಮೇಲಕ್ಕೆ 100 ಗಿಗಾಬಿಟ್ ದಾಟಿದರೆ ಕೊಹೆರೆಂಟ್ ಬಿಟ್ಟು ಬೇರೆ ಯೋಚನೆ ಬೇಡ. 10ರಿಂದ 40 ಕಿ.ಮೀ. ನಡುವೆ ಮಾತ್ರ ಕೂತು ಬೆಲೆ ಹೋಲಿಸಬೇಕು.

ಲಿಂಕ್‌ನಲ್ಲಿ ಎರರ್ ಬರುತ್ತಿದೆ. ಮಾಡ್ಯುಲೇಶನ್ ಬದಲಿಸಬೇಕೇ?

ಅದಕ್ಕೂ ಮೊದಲು ಕನೆಕ್ಟರ್ ಬಿಚ್ಚಿ, ಸ್ಕೋಪ್‌ನಲ್ಲಿ ಅದರ ತುದಿಯ ಮುಖ ನೋಡಿ, ಒರೆಸಿ. ಬಿಚ್ಚುವ ಮುನ್ನ ಲೇಸರ್ ಆಫ್ ಮಾಡಿ. ಸಿಂಗಲ್ ಮೋಡ್ ಫೈಬರ್‌ನಲ್ಲಿ ಬೆಳಕು ಹೋಗುವ ಕೋರ್‌ನ ಅಗಲ 8ರಿಂದ 9 ಮೈಕ್ರಾನ್. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಅದನ್ನು ಅರ್ಧ ಮುಚ್ಚಬಲ್ಲದು. ಒರೆಸಿದ ಮೇಲೂ ಎರರ್ ಇದ್ದರೆ ಬಂದ ಪವರ್ ನೋಡಿ, ಆಮೇಲೆ ಓಎಸ್‌ಎನ್‌ಆರ್ (ಸಿಗ್ನಲ್‌ಗೂ ನಾಯ್ಸ್‌ಗೂ ಇರುವ ಅನುಪಾತ). ಪವರ್ ಸರಿಯಿದ್ದು ಓಎಸ್‌ಎನ್‌ಆರ್ ಕಡಿಮೆಯಿದ್ದರೆ ದಾರಿಯ ಯಾವುದೋ ಆಂಪ್ಲಿಫೈಯರ್‌ಗೆ ಹೋಗುವ ಸಿಗ್ನಲ್ ಸೊರಗಿದೆ. ಎರಡೂ ಸರಿಯಿದ್ದು ಎರರ್ ಮಾತ್ರ ಇದ್ದರೆ ಲಾಂಚ್ ಪವರ್ ಒಂದು ಡಿಬಿ ಇಳಿಸಿ ನೋಡಿ. ಎರರ್ ಕಡಿಮೆಯಾದರೆ ತೊಂದರೆ ನಾನ್‌ಲೀನಿಯರ್. ಇಷ್ಟೆಲ್ಲ ಆದ ಮೇಲೂ ಜಗ್ಗದಿದ್ದರೆ 16ಕ್ವಾಮ್‌ನಿಂದ ಕ್ಯೂಪಿಎಸ್‌ಕೆಗೆ ಇಳಿಯಿರಿ. ಎರಡೂ ತುದಿಯಲ್ಲಿ ಬದಲಿಸಲು ಮರೆಯಬೇಡಿ.